ದಂಡ ಅಂಗಡಿಯವರಿಗೆ, ಚಟ ಮೇಷ್ಟ್ರಿಗೆ

ಶಾಲೆಯ 100 ಗಜದೊಳಗೆ ಬೀಡಿ, ಸಿಗರೇಟು ಮಾರುವಂತಿಲ್ಲ. 2025ರ ಮೇನಲ್ಲಿ ಬಂದ ರಾಜ್ಯದ ತಿದ್ದುಪಡಿ ಪ್ರಕಾರ 21 ವರ್ಷ ತುಂಬದವರ ಕೈಗೆ ಕೊಡುವಂತೆಯೂ ಇಲ್ಲ, ಮೊದಲು 18 ಇತ್ತು. ಸಾರ್ವಜನಿಕ ಜಾಗದಲ್ಲಿ ಸೇದಿದರೆ ದಂಡ 200 ರೂಪಾಯಿಯಿಂದ 1,000ಕ್ಕೆ ಏರಿದೆ.

ದಾಳಿ ಬಂದಾಗ ಸಿಕ್ಕಿಬೀಳೋದು ಪೆಟ್ಟಿಗೆ ಅಂಗಡಿಯವರು. ಗಿರಾಕಿ ಯಾರು ಅಂತ ಯಾರೂ ಕೇಳಲ್ಲ. ಬಿಡುವಿನ ಹೊತ್ತಲ್ಲಿ ಹುಡುಗನ ಕೈಗೆ ದುಡ್ಡು ಕೊಟ್ಟು 'ಅಂಗಡಿಗೆ ಹೋಗಿ ಬಾರೋ' ಅನ್ನುವ ಮೇಷ್ಟ್ರು (ಎಲ್ಲರೂ ಅಲ್ಲ, ಇರೋದಂತೂ ನಿಜ) ಅಂಗಡಿಯವರ ಕೈಲಿ ಕಾನೂನು ಮುರಿಸಿ, ಹುಡುಗನಿಗೂ ದಾರಿ ತೋರಿಸ್ತಾರೆ. ಕೊಡಲ್ಲ ಅಂದರೆ ಖಾಯಂ ಗಿರಾಕಿ ಹೋದ, ಸಾಲದ ಬಾಕಿಯೂ ಮುಳುಗಿತು.

ಗುಟ್ಕಾ 2013ರಲ್ಲೇ ರಾಜ್ಯದಲ್ಲಿ ನಿಷೇಧ ಆಯ್ತು. ಈಗ ಪಾನ್ ಮಸಾಲ ಒಂದು ಪ್ಯಾಕೆಟ್, ತಂಬಾಕು ಇನ್ನೊಂದು. ಬಾಯಲ್ಲಿ ಎರಡೂ ಸೇರುತ್ತೆ. ಮೂಲೆಯಲ್ಲಿ ಉಗಿದು ಬಂದು ವ್ಯಸನಮುಕ್ತಿ ಭಾಷಣ ಮಾಡುವ ಮುಖಂಡರನ್ನೂ ನೋಡ್ತೀವಿ. 2025ರ ಮಾರ್ಚ್‌ನಲ್ಲಿ ಉತ್ತರ ಪ್ರದೇಶ ವಿಧಾನಸಭೆಯೊಳಗೇ ಶಾಸಕರೊಬ್ಬರು ಪಾನ್ ಮಸಾಲ ಉಗಿದಿದ್ರು. ಸ್ಪೀಕರ್ ಸತೀಶ್ ಮಹಾನಾ ಅದನ್ನು ತೊಳೆಸಿ, ಸದನದಲ್ಲೇ ಹೇಳಿದ್ರು.

ಶಾಲೆ, ಸರ್ಕಾರಿ ಕಚೇರಿ ಎರಡೂ ಕಾನೂನಿನ ಲೆಕ್ಕದಲ್ಲಿ ಸಾರ್ವಜನಿಕ ಜಾಗಗಳೇ. ಮುಂದಿನ ಸಲ ದಾಳಿ ತಂಡ ಅಂಗಡಿಗೆ ಮುಂಚೆ ಸ್ಟಾಫ್ ರೂಮಿಗೂ, ಪಂಚಾಯಿತಿ ಕಚೇರಿಯ ಮೆಟ್ಟಿಲ ಮೂಲೆಗೂ ಹೋಗಲಿ. ರಸೀದಿ ಪುಸ್ತಕ ಹೇಗೂ ಕೈಲೇ ಇರುತ್ತಲ್ಲ.