ಬೋಳುಮರದ ಗುರುತು

ಉತ್ತರ ಕನ್ನಡದ ಅಡಕೆ ತೋಟಿಗನಿಗೆ ಸೊಪ್ಪಿನ ಬೆಟ್ಟವೇ ಗೊಬ್ಬರದ ಭಂಡಾರ. ಆದರೆ ಅಲ್ಲಿಯ ಮರಗಳ ಗುರುತು ಎಷ್ಟು ಮಂದಿಗುಂಟು? ಎಲೆಯಿದ್ದಾಗ ಎಲ್ಲರೂ ಪಂಡಿತರೇ! ಫಾಲ್ಗುಣದಲ್ಲಿ ಎಲೆಯುದುರಿದ ಮೇಲೆ ತೊಗಟೆಯನ್ನೇ ಓದಬೇಕು. ಮತ್ತಿಯದು ಮೊಸಳೆಯ ಬೆನ್ನಿನಂತೆ ಕಪ್ಪಾಗಿ ಬಿರಿದದ್ದು. ನಂದಿಯದು ಬೆಳ್ಳಗೆ, ನುಣ್ಣಗೆ, ಕಾಗದದಂತೆ ಸುಲಿಯುವಂಥದು. ಹೊನ್ನೆಯನ್ನು ನಾನು ಕಲಿತ ಬಗೆಯನ್ನು ಹೇಳಲು ನಾಚಿಕೆಯಾಗುತ್ತದೆ. ಬೋಳಾಗಿ ನಿಂತಿದ್ದ ಮರವೊಂದು ಸತ್ತಿತೆಂದು ಬಗೆದು ಸೌದೆಗೆ ಕಡಿಯಹೇಳಿದೆ. ಮೊದಲ ಪೆಟ್ಟಿಗೇ ನೆತ್ತರಿನಂಥ ಕೆಂಪು ರಸ ಒಸರಿತು. ಆಳು ಕೊಡಲಿಯನ್ನು ಕೆಳಗಿಟ್ಟು, "ಅಯ್ಯಾ, ಇದು ಹೊನ್ನೆ. ಕಿರುಗೊಂಬೆಯನ್ನು ಉಗುರಿನಿಂದ ಕೆರೆದು ನೋಡಬಾರದಿತ್ತೇ? ಒಳಗೆ ಹಸುರಿದ್ದರೆ ಜೀವವಿದೆ" ಎಂದ. ಆ ಗಾಯ ಮಾಯಲು ಮೂರು ಮಳೆಗಾಲ ಹಿಡಿಯಿತು. ಅಂದಿನಿಂದ ಬೆಟ್ಟಕ್ಕೆ ಹೋಗುವಾಗ ಆತ ಮುಂದೆ, ನಾನು ಹಿಂದೆ.