ಒಂದು ಸಂಖ್ಯೆ, ಮೂರು ನುಡಿ

ಬಾಗಲೂರಿನ ಕಡೆ ಗುಲಾಬಿ ಬೆಳೆದು ಮಾರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ಕಳೆದ ತಿಂಗಳು ಶಾಲೆಗೆ ಬಂದಿದ್ದರು. “ಮೇಷ್ಟ್ರೇ, ನಮ್ಮ ತೋಟದ ಫೋನಿಗೆ ಕನ್ನಡದಲ್ಲಿ ನಾಲ್ಕು ಮಾತು ಬರೆದುಕೊಡಿ” ಎಂದರು. “ಫೋನಿಗೆ ಬರವಣಿಗೆ ಏಕಪ್ಪಾ?” ಎಂದು ನಾವು ಕೇಳಿದೆವು. ಅವರು ವಿವರಿಸಿದ ಸಂಗತಿ ವ್ಯಾಪಾರ ಮಾಡುವ ಇತರ ಕುಟುಂಬಗಳಿಗೂ ಉಪಯುಕ್ತವೆಂದು ತೋರಿದುದರಿಂದ ಇಲ್ಲಿ ಬರೆಯುತ್ತಿದ್ದೇವೆ.

ಹೊಸೂರಿನಿಂದ ಬೆಂಗಳೂರು ಸುಮಾರು 40 ಕಿಲೋಮೀಟರು. ಆದರೆ ದೂರವಾಣಿಯ ಲೆಕ್ಕದಲ್ಲಿ ಅದು ಬಹುಕಾಲ ಪರದೇಶವೇ ಆಗಿತ್ತು. ಟ್ರಂಕ್ ಕಾಲ್ ಹೇಳಿ ಅಂಚೆ ಕಚೇರಿಯ ಬೆಂಚಿನ ಮೇಲೆ ಕಾಯುತ್ತಿದ್ದ ಹಿರಿಯರನ್ನು ನಾವು ಬಾಲ್ಯದಲ್ಲಿ ಕಂಡಿದ್ದೇವೆ. ಮುಂದೆ ಎಸ್.ಟಿ.ಡಿ. ಬಂದಿತು, ಇತ್ತ 04344, ಅತ್ತ 080. ಮೊಬೈಲು ಬಂದ ಮೇಲೂ ಜೂಜುವಾಡಿ ದಾಟಿ ಅತ್ತಿಬೆಲೆಗೆ ಕಾಲಿಟ್ಟರೆ ರೋಮಿಂಗ್ ಶುಲ್ಕ. ಒಳಬರುವ ಕರೆಗಳ ಮೇಲಿನ ಈ ಶುಲ್ಕವನ್ನು ಬಿ.ಎಸ್.ಎನ್.ಎಲ್. ತೆಗೆದುಹಾಕಿದುದು 2015ರ ಜೂನ್ 15ರಿಂದ.

ಈಗ ಬಂದಿರುವುದು ಅಂತರ್ಜಾಲದ ದೂರವಾಣಿ. ಇದರಲ್ಲಿ ಮಾತನ್ನು ಸಾಮಾನ್ಯವಾಗಿ ಸೆಕೆಂಡಿಗೆ 8,000 ಬಾರಿ ಅಳೆದು ಅಂಕಿಗಳನ್ನಾಗಿ ಮಾಡುತ್ತಾರೆ. ಗುಲಾಬಿಯನ್ನು ಇಪ್ಪತ್ತಿಪ್ಪತ್ತಾಗಿ ಕಟ್ಟು ಕಟ್ಟಿ ಕಳುಹಿಸುವಂತೆ, ಆ ಅಂಕಿಗಳನ್ನೂ ಸೆಕೆಂಡಿಗೆ ಸುಮಾರು 50 ಕಟ್ಟುಗಳಾಗಿ ಕಳುಹಿಸಿ ಅತ್ತ ಕಡೆ ಬಿಚ್ಚುತ್ತಾರೆ. ಭಾರತದಲ್ಲಿ ಇದಕ್ಕೆ ಮೊದಲ ಅನುಮತಿ ದೊರೆತುದು 2002ರ ಏಪ್ರಿಲ್ 1ರಂದು. ಆದರೆ ದೇಶದೊಳಗಿನ ಸಾಮಾನ್ಯ ಫೋನುಗಳಿಗೆ ಕರೆ ಮಾಡುವಂತಿರಲಿಲ್ಲ. ಆ ನಿರ್ಬಂಧ ಸಡಿಲವಾದುದು 2018ರಲ್ಲಿ.

ನಮ್ಮ ವಿದ್ಯಾರ್ಥಿಗೆ ಆದ ಪ್ರಯೋಜನ ಇದು. ಗಿರಾಕಿಗಳ ಬಳಿ ಇರುವುದು ಒಂದೇ ಸಂಖ್ಯೆ. ಬೆಂಗಳೂರಿನ ಮಾರುಕಟ್ಟೆಯಿಂದ ಬೆಳಗಿನ ಜಾವ ನಾಲ್ಕು ಗಂಟೆಗೆ ಕರೆ ಬಂದರೆ ಅದು ಮೊದಲು ಹೂವು ಕಟ್ಟುವ ಕೊಟ್ಟಿಗೆಯಲ್ಲಿ ಮೊಳಗುತ್ತದೆ; ಅಲ್ಲಿ ಎತ್ತದಿದ್ದರೆ ಇವರ ಮೊಬೈಲಿನಲ್ಲಿ, ಆಮೇಲೆ ತಮ್ಮನ ಮೊಬೈಲಿನಲ್ಲಿ. ತಪ್ಪಿಹೋದ ಕರೆಗಳ ಪಟ್ಟಿ ಬೆಳಿಗ್ಗೆ ಸಿದ್ಧವಿರುತ್ತದೆ. ಅದಕ್ಕಿಂತ ಮುಖ್ಯವಾದುದನ್ನು ಅವರು ಸ್ವಲ್ಪ ಸಂಕೋಚದಿಂದ ಹೇಳಿದರು. ಹಿಂದೆ ಲೆಕ್ಕ ಬರೆಯುತ್ತಿದ್ದ ಹುಡುಗನು ಕೆಲಸ ಬಿಟ್ಟಾಗ ಅರ್ಧದಷ್ಟು ಗಿರಾಕಿಗಳೂ ಅವನ ಹಿಂದೆಯೇ ಹೋದರಂತೆ. ಎಲ್ಲರ ಬಳಿಯೂ ಇದ್ದುದು ಅವನ ಸ್ವಂತ ಸಂಖ್ಯೆ! ಈಗ ಸಂಖ್ಯೆ ತೋಟದ್ದು. ಆಳು ಬದಲಾದರೂ ಅದು ಬದಲಾಗದು.

ತೊಡಕುಗಳೂ ಉಂಟು. ಹಳೆಯ ತಂತಿಯ ಫೋನಿಗೆ ವಿದ್ಯುತ್ತು ಎಕ್ಸ್‌ಚೇಂಜಿನಿಂದಲೇ ಬರುತ್ತಿತ್ತು. ಇದು ಕರೆಂಟು ಹೋದರೆ ಮೂಕ. ಬ್ಯಾಟರಿ ಇಟ್ಟುಕೊಳ್ಳಲೇಬೇಕು. ಸರಕಾರದ ಪರವಾನಗಿಯುಳ್ಳ ಕಂಪನಿಯಿಂದಲೇ ಪಡೆಯಬೇಕು. ಅಗ್ಗವೆಂದು ಅಡ್ಡದಾರಿ ಹಿಡಿದವರು ಪೊಲೀಸರ ಬಾಗಿಲು ಕಾಣಬೇಕಾದೀತು.

ಇನ್ನು ಬರವಣಿಗೆಯ ವಿಚಾರ. ಕರೆ ಮಾಡಿದವರಿಗೆ ಯಂತ್ರವು ಮೊದಲು ಭಾಷೆಯನ್ನು ಕೇಳುತ್ತದೆ: ತಮಿಳಿಗೆ ಒಂದು, ಕನ್ನಡಕ್ಕೆ ಎರಡು, ತೆಲುಗಿಗೆ ಮೂರು. ಮೂರು ನುಡಿಯ ಈ ಸೀಮೆಗೆ ಇದಕ್ಕಿಂತ ಒಪ್ಪುವ ಏರ್ಪಾಡು ಬೇರೆ ಉಂಟೆ? ನಾವು ಉತ್ಸಾಹದಿಂದ “ತಮ್ಮ ಕರೆಗೆ ಧನ್ಯವಾದಗಳು, ಕಿಂಚಿತ್ ಕಾಲ ನಿರೀಕ್ಷಿಸಿರಿ” ಎಂದು ಬರೆದುಕೊಟ್ಟೆವು.

ಓದಬೇಕಾದವಳು ಅವರ ಮಗಳು. ಮನೆಯಲ್ಲಿ ಚೆನ್ನಾಗಿ ಕನ್ನಡವಾಡುತ್ತಾಳೆ. ಆದರೆ ಓದಿದುದು ಇಂಗ್ಲಿಷು, ತಮಿಳು. ಕನ್ನಡದ ಅಕ್ಷರ ಬಾರದು. ತಂದೆ ಹೇಳಿದುದನ್ನು ತಮಿಳು ಲಿಪಿಯಲ್ಲಿ ಬರೆದುಕೊಂಡು ಓದಿದಳು. ತಮಿಳಿನಲ್ಲಿ ತ, ಥ, ದ, ಧ ನಾಲ್ಕಕ್ಕೂ ಒಂದೇ ಅಕ್ಷರ. ನಮ್ಮ ಧನ್ಯವಾದವು “ತನ್ಯವಾದ”ವಾಯಿತು. “ಕಿಂಚಿತ್ ಅಂದರೇನು, ತಾತಾ?” ಎಂದೂ ಕೇಳಿದಳು.

ತಪ್ಪು ಅವಳದಲ್ಲ. “ನಮಸ್ಕಾರ, ಸ್ವಲ್ಪ ಇರಿ, ತೋಟದವರು ಮಾತಾಡ್ತಾರೆ” ಎಂದು ತಿದ್ದಿಕೊಟ್ಟೆವು. ಆ ಧ್ವನಿಯೇ ಈಗ ಫೋನಿನಲ್ಲಿ ಕೇಳಿಸುತ್ತಿದೆ. ಎರಡು ಭಾನುವಾರಗಳಿಂದ ಆಕೆ ಸ್ಲೇಟು ಹಿಡಿದು ನಮ್ಮ ಮನೆಗೆ ಬರುತ್ತಿದ್ದಾಳೆ. ಸ್ವರಗಳು ಮುಗಿದಿವೆ, ಕಾಗುಣಿತ ನಡೆಯುತ್ತಿದೆ.