ಹಡಗು ಕಾಯದು

ಮರ್ಮಗೋವೆಯಲ್ಲಿ ಹಡಗು ತಂಗುವ ಒಂದೇ ಹಗಲಿನಲ್ಲಿ ಲೋಂಡಾದ ನಂಟರನ್ನು ಕಂಡು ಬರುವ ಆಸೆ ಸಹಜವೇ. ಆದರೆ ನಕ್ಷೆಯ ಮೇಲಿನ ಗೇಣುದ್ದವು ನೆಲದ ಮೇಲೆ ಸುಮಾರು 100 ಕಿಲೋಮೀಟರ್, ನಡುವೆ ಸಹ್ಯಾದ್ರಿ. ಕುಳೆಂನಿಂದ ಕ್ಯಾಸಲ್‌ರಾಕಿನವರೆಗೆ 37 ಅಡಿಗೆ 1 ಅಡಿಯಂತೆ ಏರುವ ಹಳಿಯ ಮೇಲೆ ಗಾಡಿಗೆ ಹೆಚ್ಚುವರಿ ಎಂಜಿನುಗಳ ನೆರವು ಬೇಕು. ಇಳಿಯುವಾಗಲೂ ನಿಧಾನವೇ ಗತಿ.

ಹಡಗಿನವರೇ ಏರ್ಪಡಿಸಿದ ಪ್ರವಾಸವು ತಡವಾದರೆ ಹಡಗು ಸಾಮಾನ್ಯವಾಗಿ ಕಾಯುತ್ತದೆ. ತಾನಾಗಿ ಹೋದವನಿಗಾಗಿ ಕಾಯದು. ಅವನು ಮುಂದಿನ ಬಂದರಿಗೆ ಸ್ವಂತ ಖರ್ಚಿನಲ್ಲೇ ಓಡಬೇಕು. ಆದುದರಿಂದ, ಹಡಗೇರುವ ವೇಳೆಗೆ ಎರಡು ಗಂಟೆ ಮೊದಲೇ ಮರಳುವಂತೆ ಹಳೆಯ ಗೋವೆಯನ್ನೋ ಮಂಗೇಶಿಯನ್ನೋ ಆರಿಸಿಕೊಳ್ಳುವುದು ಲೇಸು.

ಇನ್ನು ನಂಟರು? ಹಿಂದಿನ ದಿನವೇ ಅವರು ಘಟ್ಟವಿಳಿದು ಬಂದರೆ ಭೇಟಿಯೂ ಆದೀತು. ಅವರಿಗೆ ಹಡಗು ತಪ್ಪುವ ಭಯವಿಲ್ಲವಷ್ಟೆ!